ಖಂಡೆ ಪೂಜೆಗೆ ಬಿಚ್ಚಿದ ಮುಚ್ಚಳ

ಕರೋಶಿ

ಗಾಣದ ಮಾಲೀಕರಾದ ಶಿವರಾಜ ಸಾವ್ಕಾರರಿಗೆ ರುಕ್ಮವ್ವನ ಶರಣು.

ಮಗಳು ಪ್ರಾಜಕ್ತಾಗೆ ಜ್ವರ ಎಂದು ಹೇಳಿಕಳಿಸಿದ್ದು ಸುಳ್ಳು. ಕೆಲಸಕ್ಕೆ ಸೇರಿದ ವಾರದಲ್ಲೇ, ಗಾಣಕ್ಕೆ ಕಬ್ಬು ಹಾಕುವಾಗ ಅವಳ ಕೊರಳಿನ ಓಢಣಿ ಉರುಳೆಗಳಿಗೆ ಸಿಕ್ಕಿತು. ಹರಿದ ಅರ್ಧ ಅವಳ ಜೊತೆ ಮನೆಗೆ ಬಂತು. ಉಳಿದ ಅರ್ಧ ನಿಮ್ಮ ಗಾಣ ನುಂಗಿತು. ನಿಮ್ಮ ಹಳೆಯ ಆಳು ಲಗಮಣ್ಣ ನಕ್ಕು, "ಹೊಸಬರ್ದು ಏನರ ಒಂದ ತಗೋತೈತಿ ಅದು. ಆಮ್ಯಾಲ ಸುಮ್ನಿರತೈತಿ, ಅಂಜಬ್ಯಾಡ ಬೇ," ಎಂದನಂತೆ.

ದಸರೆಯಲ್ಲಿ ಆಯುಧ, ಯಂತ್ರಗಳನ್ನು ಪೂಜಿಸುವ ಖಂಡೆ ಪೂಜೆಯ ದಿನ ಉರುಳೆಗಳಿಗೆ ಕುಂಕುಮ ಹಚ್ಚಲೆಂದು ಮುಂದಿನ ಕಬ್ಬಿಣದ ಮುಚ್ಚಳ ಬಿಚ್ಚಿಸಿದಿರಿ. ಹಬ್ಬ ಮುಗಿದರೂ ಅದನ್ನು ತಿರುಗಿ ಕೂರಿಸಲಿಲ್ಲ. ಈಗ ನಿಮ್ಮ ಆಳುಗಳು ಅದರ ಮೇಲೆ ಕುಳಿತು ಚಹಾ ಕುಡಿಯುತ್ತಾರೆ. ಗಾಣದ ಬಾಯಿಗೆ ಮಾತ್ರ ಹಳಬರು ಯಾರೂ ನಿಲ್ಲುವುದಿಲ್ಲ, ಹೊಸಬರನ್ನೇ ನಿಲ್ಲಿಸುತ್ತಾರೆ.

ಮಗಳನ್ನು ಮನೆಯಲ್ಲಿ ಇಟ್ಟುಕೊಂಡು ನಾನು ಸುಮ್ಮನೆ ಇರುತ್ತಿದ್ದೆ. ಆದರೆ ಇಂದು ಬೆಳಿಗ್ಗೆ ಅವಳ ಜಾಗಕ್ಕೆ ನೀವು ಕರೆಸಿಕೊಂಡ ಚಿಂಚಲಿಯ ಹುಡುಗಿ ಬಸ್ಸಿನಿಂದ ಇಳಿಯುವುದನ್ನು ನೋಡಿದೆ.

ಪತ್ರ ಮುಟ್ಟಿದ ಕೂಡಲೇ ಗಾಣ ನಿಲ್ಲಿಸಿ, ಮುಚ್ಚಳ ಹಾಕಿಸಿ. ಆಮೇಲೆ ಬೇಕಾದರೆ ನನ್ನನ್ನು ಬೈಯಿರಿ.

ಆ ಹುಡುಗಿ ಓಢಣಿ ಹಾಕಿರಲಿಲ್ಲ. ಅವಳ ಜಡೆ ಸೊಂಟದ ಕೆಳಗೆ ಬರುತ್ತದೆ.

ಇಂತಿ,
ರುಕ್ಮವ್ವ