ನಡುವಿಗೆ ಬಾರದ ನಕ್ಷತ್ರ

ವಾಸ್ಕೋ, ಗೋವಾ
8 ಫೆಬ್ರುವರಿ 2026, ರವಿವಾರ

ಪ್ರೀತಿಯ ಮಗಳು ಉಜ್ಮಾಗೆ ಅಮ್ಮಿಯ ಸಲಾಂ, ದುವಾ.

ಕೆಮ್ಮು ಹೇಗಿದೆ? ಧಾರವಾಡದ ಚಳಿಯಲ್ಲಿ ಹಸಿ ತಲೆಯಲ್ಲೇ ಕಾಲೇಜಿಗೆ ಓಡಬೇಡ. ಹಾಸ್ಟೆಲಿನ ಊಟ ಸೇರದಿದ್ದರೆ ನಾನು ಕಳಿಸಿದ ಶೇಂಗಾ ಚಟ್ನಿ ಹಚ್ಚಿಕೋ. ಫೋನು ಬಿಟ್ಟು ಕಾಗದ ಯಾಕೆ ಎಂದು ಬೈಯಬೇಡ. ನಾನು ಫೋನು ಹಿಡಿದರೆ ನಿನ್ನ ಅಬ್ಬಾ ಪಕ್ಕದಲ್ಲೇ ಬಂದು ಕೂರುತ್ತಾರೆ, ಇದು ಅವರದೇ ವಿಷಯ.

ನೀನು ಬಿಟ್ಟುಹೋದ, ನಕ್ಷತ್ರ ನೋಡುವ ದುರ್ಬೀನು ಕೆಟ್ಟಿದೆ ಎಂದು ಹದಿನೈದು ದಿನದಿಂದ ಅದಕ್ಕೆ ಶಾಪ ಹಾಕುತ್ತಿದ್ದಾರೆ. ಸಂಜೆಯ ಮಗರಿಬ್ ನಮಾಜು ಮುಗಿಸಿ ಮಾಳಿಗೆ ಹತ್ತುತ್ತಾರೆ. ನೀನು ಬರೆದುಕೊಟ್ಟ ಹಾಗೆಯೇ ಕೀಪ್ಯಾಡಿನಲ್ಲಿ ತಾರೀಖು, ವೇಳೆ, ಊರು ಹಾಕುತ್ತಾರೆ. ಅದು ಹೇಳಿದ ಎರಡು ನಕ್ಷತ್ರಗಳನ್ನು ಬಾಣದ ಗುಂಡಿ ಒತ್ತಿ ಒತ್ತಿ ನಡುವಿಗೆ ತಂದು, "ಬಂತು" ಎಂದು ಎಂಟರ್ ಒತ್ತುತ್ತಾರೆ. ಆ ಎರಡು ಸರಿಯಾಗಿ ಕೂತರೆ ತಾನೇ ಅದಕ್ಕೆ ಉಳಿದವುಗಳ ದಿಕ್ಕು ತಿಳಿಯುವುದು. ಆಮೇಲೆ ಗುರುಗ್ರಹ ತೋರಿಸು ಎಂದರೆ ಅದು ಗುಂಯ್‌ಗುಟ್ಟುತ್ತಾ ತಿರುಗಿ ಖಾಲಿ ಆಕಾಶಕ್ಕೆ ಮುಖ ಮಾಡಿ ನಿಲ್ಲುತ್ತದೆ. ನಾನು ನಗುತ್ತಿದ್ದೆ.

ನಿನ್ನೆ ನಾನೇ ಕಣ್ಣಿಟ್ಟು ನೋಡಿದೆ. ಅವರು ನಡುವಿಗೆ ಬಂತೆಂದ ನಕ್ಷತ್ರ ಗಾಜಿನ ದುಂಡಿನೊಳಗೆ ಇರಲೇ ಇಲ್ಲ. ನಿನ್ನ ಚೀಟಿ ಹಿಡಿದು, ಇಂಗ್ಲಿಷ್ ಅಕ್ಷರ ಕೂಡಿಸಿಕೊಂಡು, ಎರಡನ್ನೂ ನಾನೇ ಕೂರಿಸಿದೆ. ಗುರುಗ್ರಹ ಬಂತು ಬೇಟಿ, ಪಕ್ಕದಲ್ಲಿ ಅದರ ಚಂದ್ರರ ನಾಲ್ಕು ಚುಕ್ಕಿಗಳ ಸಮೇತ. ಯಂತ್ರ ಸರಿಯಾಗಿಯೇ ಇತ್ತು. ಹಾಗಾದರೆ ಅವರ ಕಣ್ಣೇ ಮಂದವಾಗಿದೆಯೇ ಎಂದು ನೋಡಬೇಕಿತ್ತು. ನಾಲ್ಕು ಚುಕ್ಕಿ ಬಂದಿವೆ, ನೋಡಿ ಎಂದು ಅವರನ್ನು ಕರೆದೆ. ಕರೆಯುವ ಮುನ್ನ ದುರ್ಬೀನಿನ ಬಾಯಿಗೆ ಮುಚ್ಚಳ ಹಾಕಿಬಿಟ್ಟಿದ್ದೆ. ಪಾಪದ ಕೆಲಸ, ಗೊತ್ತು. ಅವರು ಬಗ್ಗಿ ಎಷ್ಟೋ ಹೊತ್ತು ನೋಡಿ, "ಹೌದಲ್ಲ, ನಾಕೂ ಚುಕ್ಕಿ ಚಲೋ ಕಾಣಾಕತ್ತಾವ" ಎಂದರು.

ನಾಳೆ ಬೆಳಿಗ್ಗೆ ಆರಕ್ಕೆ ಇದೇ ಕಣ್ಣಿನಲ್ಲಿ ವೆರ್ಣಾದ ಕಂಪನಿ ಬಸ್ಸು ಓಡಿಸುತ್ತಾರೆ. ಹಿಂದೆ ನಲವತ್ತು ಜನ, ಹೆಚ್ಚಿನವರು ನಿನ್ನ ವಯಸ್ಸಿನ ಹುಡುಗಿಯರು. ಹೋದ ತಿಂಗಳು ಬಸ್ಸಿನ ಕನ್ನಡಿ ಕಂಬಕ್ಕೆ ಉಜ್ಜಿದಾಗ ಮಂಜಿತ್ತು ಎಂದಿದ್ದರು. ಕಣ್ಣಿನ ಡಾಕ್ಟರ ಹೆಸರೆತ್ತಿದರೆ, "ಇಪ್ಪತ್ತೆಂಟು ವರ್ಷ ಓಡಿಸೇನಿ, ನನಗ ಹೇಳ್ತಿಯೇನ" ಎನ್ನುತ್ತಾರೆ. ಬಸ್ಸು ಬಿಟ್ಟರೆ ತಾನು ಯಾರೂ ಅಲ್ಲ ಎಂದುಕೊಂಡಿದ್ದಾರೆ. ನನಗೆ ಭಯವಾಗಿದೆ, ಸಿಟ್ಟೂ ಬಂದಿದೆ. ನೀನು ಹೇಳಿದರೆ ಕೇಳಿಯಾರು. ಬೇಗ ಬಾ.

ಅಲ್ಲಾಹ್ ನಿನ್ನ ಓದಿಗೆ ಬರಕತ್ ಕೊಡಲಿ. ರೂಮಿನ ಗೆಳತಿಯರಿಗೆ ನನ್ನ ಸಲಾಂ ಹೇಳು.

ನಿನ್ನ ಅಮ್ಮಿ,
ಲಾಲಬಿ

ತಾ.ಕ.: ಇವತ್ತು ಸೋಮವಾರ. ನಿನ್ನ ದಾರಿ ಕಾಯಲಾಗಲಿಲ್ಲ. ನಸುಕಿನಲ್ಲಿ ಅವರು ಸ್ನಾನಕ್ಕೆ ಹೋದಾಗ, ಬಸ್ಸುಗಳ ಉಸ್ತುವಾರಿ ನೋಡುವ ಶಫೀಸಾಬರಿಗೆ ಫೋನು ಮಾಡಿ ಎಲ್ಲ ಹೇಳಿಬಿಟ್ಟೆ. ಹೋದ ಅರ್ಧ ಗಂಟೆಯಲ್ಲೇ ಅಬ್ಬಾ ವಾಪಸು ಬಂದರು. ಕಣ್ಣು ತೋರಿಸಿ ಬರುವವರೆಗೆ ಬಸ್ಸಿನ ಕೀಲಿ ಕೊಡುವುದಿಲ್ಲವಂತೆ. ಚಾಡಿ ಹೇಳಿದವರು ಯಾರಿರಬಹುದು ಎಂದು ಆಗಿನಿಂದ ನನ್ನನ್ನೇ ಕೇಳುತ್ತಿದ್ದಾರೆ.