ಗೋಡೆಯ ಮೇಲಿನ ನನ್ನ ಪಟ

ಜೊಸೆಲಿನಾ,

ಕ್ಷೇಮ ಕೇಳಲು ಬರೆಯುತ್ತಿಲ್ಲ. ನಮ್ಮ ಸಾಲ್ವಡಾರ್ ಊರಿಗೆ ಬಂದವರು ಎಲ್ಲಿ ತಿನ್ನಬೇಕೆಂದು ಹೇಳುವ ಪತ್ರಿಕೆಯ ಪುಟದಲ್ಲಿ ಈ ಭಾನುವಾರ ನಿನ್ನ ಹೋಟೆಲಿನ ಹೆಸರೇ ಮೊದಲಿತ್ತು. ‘ಅತ್ತೆಯ ಕೈರುಚಿಯ ಅಕರಾಜೆ ವಡೆ’ ಎಂದು ಬರೆದಿದ್ದರು. ಆ ಅತ್ತೆಯನ್ನು ಯಾರೂ ಒಂದು ಮಾತು ಕೇಳಲಿಲ್ಲ.

ಮಂಗಳವಾರ ಬಂದು ಕೂತೆ. ನೀನು ಇರಲಿಲ್ಲ. ಗೋಡೆಯ ಮೇಲಿನ ಹಳೆಯ ಪಟದಲ್ಲಿ ಬಿಳಿ ಲಂಗ, ಬಿಳಿ ರುಮಾಲಿನಲ್ಲಿ ನಾನು ನಗುತ್ತಿದ್ದೆ. ಬಡಿಸುವ ಹುಡುಗಿ ಅದನ್ನೇ ತೋರಿಸಿ, “ಅವ್ರೇ ನಮ್ಮ ಮೇಡಂ ಅತ್ತೆ. ಪಾಪ, ಹೋಗ್ಬಿಟ್ರು” ಅಂದಳು.

“ಹೌದಾ? ಹೇಗಿದ್ರಮ್ಮಾ?”

“ತುಂಬಾ ಜೋರಂತೆ. ಮೇಡಂ ಈಗ್ಲೂ ಹೆದರ್ತಾರೆ.”

ನನ್ನ ಮಗನನ್ನು ಮಣ್ಣು ಮಾಡಿದ ಮೇಲೆ ನನ್ನ ಬಾಣಲೆ ಬಿಟ್ಟು ಹೋಗಿ ಹೋಟೆಲು ತೆರೆದವಳು ನೀನು. ಹೋಗಲಿ. ನನ್ನನ್ನೂ ಮಣ್ಣು ಮಾಡಲು ನಿನಗೆ ಯಾರು ಹೇಳಿದರು?

ಅಲಸಂದೆ ಹಿಟ್ಟನ್ನು ಚೆನ್ನಾಗಿ ಬಡಿದಿದ್ದೀಯ. ತಾಳೆ ಎಣ್ಣೆಯೂ ಒಳ್ಳೆಯದೇ. ಅದೆಲ್ಲ ನಾನು ಕಲಿಸಿದ್ದು. ಆದರೆ ದಿನದ ಮೊದಲ ಪುಟ್ಟ ವಡೆಗಳನ್ನು ಬೀದಿಗೆ ಎಸೆದ ಗುರುತು ಬಾಗಿಲಲ್ಲಿ ಇರಲಿಲ್ಲ. ಕೇಳಿದರೆ ಆ ಹುಡುಗಿ, “ಟೂರಿಸ್ಟುಗಳು ಗಲೀಜು ಅಂತಾರಮ್ಮಾ” ಅಂದಳು. ಬೀದಿಯ ದೇವರಿಗೆ ಕೊಡದೆ ನಾನು ಒಂದು ವಡೆಯನ್ನೂ ಮಾರಿದವಳಲ್ಲ. ಮಗ ಸತ್ತ ವಾರವೂ ಅದನ್ನು ತಪ್ಪಿಸಲಿಲ್ಲ.

ಶುಕ್ರವಾರದೊಳಗೆ ಪಟ ಇಳಿಸಿ ಮನೆಗೆ ಕಳಿಸು. ಅದು ಅಲ್ಲೇ ಇರಬೇಕೆಂದರೆ, ಶುಕ್ರವಾರ ಬೆಳಗ್ಗೆ ನಿನ್ನ ಕೈಯಾರೆ ಮೊದಲ ವಡೆಗಳನ್ನು ಬೀದಿಗೆ ಎಸೆ. ಎದುರಿನ ಬಸ್ ಸ್ಟಾಪಿನಲ್ಲಿ ಕೂತು ನೋಡುತ್ತಿರುತ್ತೇನೆ. ಒಳಗೆ ಕರೆಯಬೇಡ.

ಇನ್ನೂ ಬದುಕಿರುವ ನಿನ್ನ ಅತ್ತೆ,
ಎರೊನಿಲ್ದೆಸ್