ಹೇಳುವವಳು, ಒತ್ತುವವಳು

ಕಾಯಂ ನೌಕರಿಯ ಪೂನಂ ಮ್ಯಾಡಂ ಅವರಿಗೆ, ಕೊಡಂಬಲದಿಂದ ಭಾಗಮ್ಮ ಮಾಡುವ ನಮಸ್ಕಾರ.

ನಾನು ಕ್ಷೇಮ, ನೀನೂ ಕ್ಷೇಮವೆಂದು ನಂಬಿದ್ದೇನೆ ಎಂದು ಬರೆಯುವುದು ಪದ್ಧತಿ. ಅದರಲ್ಲಿ ಅರ್ಧ ಪಾಲಿಸುತ್ತೇನೆ. ನೀನು ಕ್ಷೇಮವಾಗಿದ್ದೀ, ಅಷ್ಟು ನನಗೆ ಗೊತ್ತು.

ಫೋನ್ ಇರುವಾಗ ಕಾಗದ ಯಾಕೆ ಎಂದು ಹುಬ್ಬೇರಿಸಬೇಡ. ದಿನಾ ಬೆಳಗಾದರೆ ನಿನ್ನ ಮೆಸೇಜು ಬರುತ್ತದೆ, ಕೈಮುಗಿದ ಚಿತ್ರ, ಅಳುವ ಮುಖದ ಚಿತ್ರ, ‘ಭಾಗೀ, ಒಮ್ಮೆ ಫೋನ್ ಎತ್ತs’ ಎಂಬ ಬೇಡಿಕೆ. ಎತ್ತುವುದಿಲ್ಲ. ನನ್ನ ದನಿಯನ್ನು ಇನ್ನು ನಿನಗೆ ಕೊಡಬಾರದು ಎಂದು ತೀರ್ಮಾನ ಮಾಡಿದ್ದೇನೆ. ಹೇಳಬೇಕಾದದ್ದು ಮಾತ್ರ ಬಹಳ ಇದೆ, ಅದಕ್ಕೇ ಬರೆಯಲು ಕೂತಿದ್ದೇನೆ. ಅತ್ತೆ ಹೊಲಕ್ಕೆ ಹೋಗಿದ್ದಾಳೆ, ಒಲೆಯ ಮೇಲೆ ಬೇಳೆ ಇದೆ. ನಡುವೆ ಎದ್ದು ಹೋದರೆ ಸಾಲು ಸೊಟ್ಟಗಾದೀತು, ಸಹಿಸಿಕೋ.

ನೆನಪಿದೆಯಾ, ನಮ್ಮಿಬ್ಬರಿಗೆ ಕೆಲಸ ಸಿಕ್ಕಿದ್ದೇ ಒಂದು ಶಬ್ದದ ಎಡವಟ್ಟಿನಿಂದ. ಹಾಕಿ ಗೊತ್ತಿರುವವರು ಬೇಕು ಎಂದು ಹೈದರಾಬಾದಿನ ಕಂಪನಿಯೊಂದು ಕೇಳಿತ್ತು. ಹುಮನಾಬಾದಿನಲ್ಲಿ ಮಾಣಿಕನಗರದ ದಾರಿಗೆ ಕಂಪ್ಯೂಟರ್ ಸೆಂಟರ್ ಇಟ್ಟಿದ್ದ ಸೈಫುದ್ದೀನ್ ಸರ್ ಸಿಕ್ಕವರನ್ನೆಲ್ಲ ವಿಚಾರಿಸುತ್ತಿದ್ದರು. ಕಾಲೇಜು ತಂಡದಲ್ಲಿ ನೀನು ಮುಂದೆ ಓಡಿ ಹೊಡೆಯುವವಳು, ನಾನು ಗೋಲಿನ ಮುಂದೆ ನಿಂತು ತಡೆಯುವವಳು. ಎದೆ ಉಬ್ಬಿಸಿಕೊಂಡು ಹೋದೆವು. “ಹಾಕಿ ಬರ್ತದೇನಮ್ಮಾ?” ಎಂದರು. “ಬರ್ತದ್ರಿ ಸರ್, ಜಿಲ್ಲಾ ಮಟ್ಟಕ್ಕ ಆಡೇವಿ” ಎಂದೆ ನೀನು. ಅವರು ಪರದೆ ಹಚ್ಚಿದರು. ಅದರಲ್ಲಿ ಹುಲ್ಲಿಲ್ಲ, ಮಣ್ಣಿಲ್ಲ, ಚೆಂಡೂ ಇಲ್ಲ. “ಅಯ್ಯ, ನೆಲಕ್ಕೆಲ್ಲಾ ಸುಣ್ಣ ಚೆಲ್ಲ್ಯಾರಲ್ಲs!” ಎಂದು ನೀನು ಕಿರುಚಿದೆ. ಅದು ಸ್ವೀಡನ್ ಎಂಬ ದೇಶ, ಅದು ಐಸು, ಅದರ ಮೇಲೆ ಜಾರುತ್ತ ಆಡುವ ಬೇರೆಯೇ ಹಾಕಿ ಎಂದು ನಮಗೂ ಗೊತ್ತಿರಲಿಲ್ಲ, ಸರ್‌ಗೂ ಗೊತ್ತಿರಲಿಲ್ಲ. ಅವರು ಗಡ್ಡ ಕೆರೆದುಕೊಂಡು, ಎಲ್ಲ ಹಾಕಿಯೂ ಒಂದೇ ಎಂಬಂತೆ, “ಹಾಕಿ ತೋ ಹಾಕೀಚ್ ಹೈ ನಾ ಅಮ್ಮಾ” ಎಂದುಬಿಟ್ಟರು. ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆಗ ನಾವು ಒಟ್ಟಿಗೆ ನಗುತ್ತಿದ್ದೆವು.

ಅಲ್ಲಿ ರಾತ್ರಿ ಆಡಿದ ಪಂದ್ಯದ ವಿಡಿಯೊ ನಮಗೆ ಬೆಳಗ್ಗೆ ಬರುತ್ತಿತ್ತು. ಯಾರು ಯಾರಿಗೆ ಕೊಟ್ಟ, ಯಾರು ಕಸಿದುಕೊಂಡ, ಯಾರು ಹೊಡೆದ, ಕಂಪನಿಯ ಲೆಕ್ಕಕ್ಕೆ ಒಂದೊಂದಕ್ಕೂ ಒಂದೊಂದು ಗುಂಡಿ ಒತ್ತಬೇಕು. ಒಬ್ಬರೇ ನೋಡಿ ಒಬ್ಬರೇ ಒತ್ತುವುದು ಕಂಪನಿಯ ನಿಯಮ. ನಮ್ಮ ಕೈಯಲ್ಲಿ ಅದು ಆಗಲಿಲ್ಲ. ಚೆಂಡಿನ ಬದಲು ಅವರು ಹೊಡೆಯುವ ಆ ಕರಿ ಬಿಲ್ಲೆ ಅತ್ತಿತ್ತ ಹಾರುವುದರೊಳಗೆ ನೀನು ಗುಂಡಿ ಹುಡುಕುತ್ತಿದ್ದೆ, ಗುಂಡಿ ಸಿಗುವುದರೊಳಗೆ ಬಿಲ್ಲೆ ಕಳೆದಿರುತ್ತಿತ್ತು. ಆಗ ನಾನೇ ಹೇಳಿದೆ, ನಾ ನೋಡಿ ಹೇಳ್ತೀನಿ, ನೀ ಒತ್ತು. ಗೋಲಿನ ಮುಂದೆ ನಿಂತವಳಿಗೆ ಚೆಂಡಿನ ಬೆನ್ನು ಹತ್ತಬಾರದು, ಹೊಡೆಯುವವನ ಹೆಗಲು ನೋಡಬೇಕು ಎಂಬುದು ಅಭ್ಯಾಸವಾಗಿತ್ತು. ಹೆಗಲು ಯಾವ ಕಡೆ ತಿರುಗಿದರೆ ಬಿಲ್ಲೆ ಎಲ್ಲಿಗೆ ಹೋದೀತು ಎಂದು ನನಗೆ ಮೊದಲೇ ತಿಳಿಯುತ್ತಿತ್ತು. ಕೊಟ್ಟ, ತಗೊಂಡ, ಕಳಕೊಂಡ, ಹೊಡದ. ಬೆಳಗಿನಿಂದ ಸಂಜೆಯ ತನಕ ನನ್ನ ಗಂಟಲು, ನಿನ್ನ ಬೆರಳು. ಲಾಗಿನ್ ಮಾತ್ರ ಒಂದೇ, ನಿನ್ನ ಹೆಸರಿನದು. ಆಗ ಅದು ನನಗೆ ದೊಡ್ಡದಾಗಿ ಕಾಣಲಿಲ್ಲ. ಇಬ್ಬರಿಗೂ ಸರ್ ಸಮನಾಗಿ ಪಗಾರ ಕೊಡುತ್ತಿದ್ದರು, ಹೆಸರು ಯಾರದಾದರೇನು ಎಂದುಕೊಂಡೆ.

ಆ ಊರಿನವರ ಹೆಸರು ನಮ್ಮ ನಾಲಗೆಗೆ ಹೊರಳುತ್ತಿರಲಿಲ್ಲ. ಅವನೂ ‘ಸ್ಸನ್’, ಇವನೂ ‘ಸ್ಸನ್’. ಅದಕ್ಕೆ ನಾವೇ ಹೆಸರಿಟ್ಟೆವು. ನಮ್ಮ ಪಾಲಿಗೆ ಬಂದ ನೇರಳೆ ಅಂಗಿಯ ತಂಡದಲ್ಲಿ ನರೆತ ಗಡ್ಡದವನೊಬ್ಬನಿದ್ದ, ಅವನನ್ನು ಮುತ್ಯಾ ಎಂದೆವು. ಮುತ್ಯಾ ತಾನು ಗೋಲು ಹೊಡೆದದ್ದು ಕಡಿಮೆ, ಹೊಡೆಯುವವರಿಗೆ ಒದಗಿಸಿದ್ದೇ ಹೆಚ್ಚು. ಆ ಆಟದಲ್ಲಿ ಒಂದು ಪದ್ಧತಿ ಇದೆಯಲ್ಲ, ಗೋಲಾದರೆ ಹೊಡೆದವನ ಹೆಸರಿನ ಜೊತೆ, ಅದಕ್ಕೆ ಮುಂಚೆ ಬಿಲ್ಲೆ ಕೊಟ್ಟ ಇಬ್ಬರ ಹೆಸರನ್ನೂ ಬರೆಯುತ್ತಾರೆ. ಆ ಗುಂಡಿಗಳನ್ನು ಒತ್ತಿದವಳು ನೀನೇ. ಎಷ್ಟು ಸಲ ಒತ್ತಿದ್ದೀ! ಬೆರಳಿಗೆ ಬಂದದ್ದು ನಿನ್ನ ತಲೆಗೆ ಯಾಕೆ ಹೋಗಲಿಲ್ಲವೋ.

ಈಗ ನನ್ನ ಮನೆಯ ಮಾತಿಗೆ ಬರುತ್ತೇನೆ. ನಿನಗೆ ಗೊತ್ತಿಲ್ಲದ್ದೇನೂ ಅಲ್ಲ, ಗೊತ್ತಿತ್ತು ಎಂಬುದನ್ನು ನೆನಪಿಸಲಿಕ್ಕೆ ಬರೆಯುತ್ತಿದ್ದೇನೆ. ಈ ಕೆಲಸಕ್ಕೆ ಸೇರುವ ಮುಂಚೆ, ನನ್ನ ಗಂಡ ಶಂಕರಲಿಂಗನ ಏಟಿಗೆ ಎಡಗಿವಿ ಬಾತು ನಾನು ಬಸವಕಲ್ಯಾಣದ ತವರಿಗೆ ಬಂದಾಗ, ಆ ಕಿವಿಗೆ ಅರಿಶಿನ ಹಚ್ಚಿದವಳು ನೀನು. ಕೆಲಸಕ್ಕೆ ಸೇರಿದ ಮೇಲೆ ಬಕ್ಕಪ್ಪ ಕಾಕಾ ನಮ್ಮ ಪಡಸಾಲೆಯಲ್ಲಿ ಕೂತು ಪಂಚಾಯಿತಿ ಮಾಡಿದ ದಿನ ನೀನು ಒಳಗೆ ಅವ್ವನ ಜೊತೆ ಬಳ್ಳೊಳ್ಳಿ ಸುಲಿಯುತ್ತಿದ್ದೆ. “ಬಸವ ಜಯಂತಿ ತನಕ ನೋಡಮ್. ನೌಕರಿ ಕಾಯಂ ಆತು ಅಂದ್ರ ಇಲ್ಲೇ ಇರ್ಲಿ, ತನ್ನ ಅನ್ನ ತಾ ತಿನ್ಲಿ. ಇಲ್ಲಾಂದ್ರ ಗಂಡನ ಮನಿಗಿ ಹೋಗ್ಲಿ” ಎಂದು ಕಾಕಾ ಹೇಳಿದ್ದು ನಿನಗೂ ಕೇಳಿಸಿತು. ನೀನು ನನ್ನ ಕೈ ಒತ್ತಿ ಹಿಡಿದು, “ಅಂಜಬ್ಯಾಡ ಭಾಗೀ, ನಾ ಇದ್ದೀನಿ” ಎಂದೆ. ನಾನು ನಂಬಿದೆ. ಮರುದಿನ ಬಸ್ಸಿನಲ್ಲಿ ಹುಮನಾಬಾದ್ ಬರುವ ತನಕ ಕಿಟಕಿಯಾಚೆ ನೋಡುತ್ತ, ಬದುಕಿದೆ ಎಂದುಕೊಂಡೆ.

ಚಳಿಗಾಲವೆಲ್ಲ ಆ ನೇರಳೆ ಅಂಗಿಯವರು ಸೋತರು. ನಾವು ಅವರ ಜೊತೆ ಕಂಗಾಲಾದೆವು, ಬೈದೆವು, ಮಿರ್ಚಿ, ಮಂಡಕ್ಕಿ ಸುಸಲಾ ತಿನ್ನುತ್ತ ಅವರ ಪರವಾಗಿ ಹರಕೆಯನ್ನೂ ಹೊತ್ತೆವು. ಸೀಸನ್ ಮುಗಿಯುವ ಹೊತ್ತಿಗೆ ಪಟ್ಟಿಯ ತಳದಲ್ಲಿದ್ದರು. ಅಲ್ಲಿಯದು ಎಂಥ ನಿಯಮ ನೋಡು. ಮೇಲಿದ್ದ ತಂಡಗಳು ಕಪ್ಪಿಗಾಗಿ ಆಡುತ್ತವೆ. ತಳದ ಎರಡು ತಂಡಗಳು ತಮ್ಮತಮ್ಮಲ್ಲೇ ಕಾದಾಡಬೇಕು. ಗೆದ್ದವರಿಗೆ ಕಪ್ಪಿಲ್ಲ, ಪದಕವಿಲ್ಲ, ಇದ್ದಲ್ಲೇ ಇರುವ ಭಾಗ್ಯ ಅಷ್ಟೇ. ಸೋತವರು ಕೆಳಗಿನ ದರ್ಜೆಗೆ ಬೀಳುತ್ತಾರೆ. “ಇದ್ಯಾತರ ನ್ಯಾಯ, ಬಿದ್ದವರಿಗೇ ಬಡದಾಡ್ರಿ ಅಂತಾರಲ್ಲ” ಎಂದು ನೀನು ಅವತ್ತು ಸಿಟ್ಟಿಗೆದ್ದೆ. ಆ ಸಿಟ್ಟು ಕಂಡು ನಿನ್ನ ಮೇಲೆ ನನಗೆ ಪ್ರೀತಿ ಉಕ್ಕಿತ್ತು, ಸುಳ್ಳು ಯಾಕೆ ಹೇಳಲಿ.

ಅದೇ ವಾರದಲ್ಲಿ ಹೈದರಾಬಾದಿನಿಂದ ಕಂಪನಿಯ ಮ್ಯಾಡಂ ಬಂದರು. ಶುಕ್ರವಾರ, ಸೈಫುದ್ದೀನ್ ಸರ್ ಜುಮ್ಮಾ ನಮಾಜಿಗೆ ಹೋಗಿದ್ದರು. ಕಂಪನಿ ಹುಮನಾಬಾದಿನಲ್ಲೇ ತನ್ನದೊಂದು ಕಚೇರಿ ತೆರೆಯುತ್ತದೆ, ಐಸ್ ಹಾಕಿಗೆ ಒಬ್ಬರನ್ನು ಕಾಯಂ ತೆಗೆದುಕೊಳ್ಳುತ್ತದೆ ಎಂದರು. ನಿನ್ನ ಲಾಗಿನ್ನಿನ ಕೆಲಸದಲ್ಲಿ ತಪ್ಪೇ ಸಿಗುವುದಿಲ್ಲ ಎಂದು ಹೊಗಳಿದರು. “ಇಷ್ಟು ವೇಗದ ಆಟ, ಒಬ್ಬಳೇ ನೋಡಿ ಒಬ್ಬಳೇ ಒತ್ತುತ್ತೀಯಾ?” ಎಂದು ಕೇಳಿದರು. ನಾನು ನಿನ್ನ ಪಕ್ಕದ ಕುರ್ಚಿಯಲ್ಲೇ ಇದ್ದೆ, ಮೊಣಕೈಗೆ ಮೊಣಕೈ ತಾಗುವಷ್ಟು ಹತ್ತಿರ. ನೀನು ಪರದೆ ನೋಡುತ್ತ, “ಹೌದ್ರಿ ಮ್ಯಾಡಂ, ಒಬ್ಬಾಕಿನೇ” ಎಂದೆ. ಅವರು ನನ್ನತ್ತ ಬೆರಳು ತೋರಿಸಿ, “ಇವರು ಯಾರು?” ಎಂದರು. “ನನ್ನ ಗೆಳತಿ ರೀ. ಜೊತಿಗಿ ಕುಂದರ್ತಾಳ.”

ಜೊತೆಗೆ ಕೂರುತ್ತಾಳೆ! ಬೆಕ್ಕು ಕೂರುವುದಿಲ್ಲವೇ, ಹಾಗೆ. ನಾನು ಆಗಲೇ ಬಾಯಿ ಬಿಡಬಹುದಿತ್ತು ಎಂದು ನೀನು ಅನ್ನಬಹುದು. ಇನ್ನೊಂದು ಮಾತು ಸೇರಿಸುತ್ತೀ, ಈಗ ಸೇರಿಸುತ್ತೀ ಎಂದು ನಿನ್ನ ಮುಖವನ್ನೇ ಕಾಯುತ್ತಿದ್ದೆ. ಮ್ಯಾಡಂ ಚಹಾ ಕುಡಿದು ಎದ್ದರು. ಸರ್ ಬಂದು ಕೇಳಿ ಹಣೆ ಚಚ್ಚಿಕೊಂಡರು. “ತುಮೇ ಕಾಯ್ಕು ನೈ ಬೋಲೆ ಅಮ್ಮಾ?” ಎಂದು, ನೀನೇ ಯಾಕೆ ಬಾಯಿ ಬಿಡಲಿಲ್ಲ ಎಂದು ನನ್ನನ್ನು ಕೇಳಿದರು. ಈಗ ನಿಜ ಹೇಳಿದರೆ ನಿಯಮ ಮುರಿದದ್ದು ಬಯಲಾಗಿ ಇಬ್ಬರನ್ನೂ ಕೆಲಸದಿಂದ ತೆಗೆಯುತ್ತಾರೆ, ತಮ್ಮ ಗುತ್ತಿಗೆಯೂ ಹೋಗುತ್ತದೆ ಎಂದೂ ಅವರೇ ಹೇಳಿದರು. ನೀನು ಗೋಡೆಗೆ ಮುಖ ಮಾಡಿ ಅಳುತ್ತಿದ್ದೆ. ನಿಮ್ಮಪ್ಪನಿಗೆ ಲಕ್ವಾ ಹೊಡೆದದ್ದು, ನಿನ್ನ ತಂಗಿ ದೀಪಾಲಿಯ ಓದು, ಎಲ್ಲ ಬಿಕ್ಕುತ್ತ ಹೇಳಿದೆ. ಅದೆಲ್ಲ ಸುಳ್ಳಲ್ಲ, ನನಗೂ ಗೊತ್ತು. ನಿನಗೆ ಆ ನೌಕರಿ ಬೇಕಿತ್ತು ಎಂಬುದಕ್ಕೆ ನನ್ನ ತಕರಾರಿಲ್ಲ ಪೂನಂ. ನಾನು ಇರಲೇ ಇಲ್ಲ ಎಂದೆಯಲ್ಲ, ಅದಕ್ಕೆ ತಕರಾರು. ನಾನು ಎದ್ದು ಬಸ್ ಸ್ಟ್ಯಾಂಡಿಗೆ ಹೋದೆ.

ಕೊನೆಯ ಪಂದ್ಯವನ್ನು ನೀನೊಬ್ಬಳೇ ಒತ್ತಿದೆ. ನೇರಳೆಯವರು ಸೋತು ಕೆಳಗಿಳಿದರು ಎಂದು ಸರ್ ಹೇಳಿ ತಿಳಿಯಿತು. ಬಸವ ಜಯಂತಿ ಬಂತು. ಕಲ್ಯಾಣವೆಲ್ಲ ಮೆರವಣಿಗೆಯ ಸಡಗರದಲ್ಲಿತ್ತು. ಮರುದಿನ ಅಣ್ಣ ಬಸವಣಪ್ಪ ನನ್ನನ್ನು ಕೊಡಂಬಲದ ಗಂಡನ ಮನೆಗೆ ತಂದು ಬಿಟ್ಟು, ಚಹಾ ಕೂಡ ಕುಡಿಯದೆ ಹೊರಟ.

ಇಲ್ಲಿ ನಾನು ಹೇಗಿದ್ದೇನೆ ಎಂದು ನೀನು ಒಮ್ಮೆಯೂ ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ. ಗಂಡನ ಮುಖ ನೋಡಬೇಕಾಗಿಲ್ಲ, ಅವನ ಹೆಗಲು ನೋಡಿದರೆ ಸಾಕು, ಕೈ ಯಾವಾಗ ಬಂದೀತು ಎಂದು ತಿಳಿಯುತ್ತದೆ. ಪಕ್ಕಕ್ಕೆ ಸರಿಯುತ್ತೇನೆ. ನಿನ್ನ ಕಂಪನಿ ಹೊಗಳಿತಲ್ಲ, ಆ ಕಣ್ಣು ಈಗ ಈ ಕೆಲಸಕ್ಕಿದೆ.

ದಸರೆಯ ಆಚೀಚೆ ನಿನ್ನ ಫೋನ್ ಬಂತು. ಅಲ್ಲಿ ಹೊಸ ಸೀಸನ್ ಶುರುವಾಗಿತ್ತು. ನಿನ್ನ ದನಿ ಕೇಳಿದ ಕೂಡಲೇ, ನಾಚಿಕೆಗೆಟ್ಟ ನನ್ನ ಜೀವ ಹಿಗ್ಗಿತು. ಕ್ಷಮೆ ಕೇಳುತ್ತೀ ಎಂದುಕೊಂಡೆ. “ಭಾಗೀ, ಬಿಲ್ಲೆ ಕಾಣವಲ್ದು. ತಪ್ಪಿನ ಮ್ಯಾಲ ತಪ್ಪು ಆಗಾಕತ್ತಾವ. ನೀ ಫೋನಿನ್ಯಾಗ ಹೇಳು, ನಾ ಒತ್ತತೀನಿ” ಎಂದೆ ನೀನು. ಒಪ್ಪಿದೆ. ಯಾಕೆ ಒಪ್ಪಿದೆ ಎಂದು ನನ್ನನ್ನೇ ಬಹಳ ಸಲ ಕೇಳಿಕೊಂಡಿದ್ದೇನೆ. ನೀನು ಪಂದ್ಯ ಕಳಿಸುತ್ತಿದ್ದೆ. ಗಂಡ, ಅತ್ತೆ ಹೊಲಕ್ಕೆ ಹೋದಮೇಲೆ ಅಣ್ಣ ಕೊಡಿಸಿದ್ದ ಹಳೆ ಫೋನಿನಲ್ಲಿ ಅದನ್ನು ನಿನ್ನ ಪರದೆಯ ಜೊತೆಗೇ ಹಚ್ಚಿ, ಹಿಟ್ಟಿನ ಡಬ್ಬಿಗೆ ಆನಿಸಿ ನಿಲ್ಲಿಸಿ, ಇನ್ನೊಂದು ಫೋನಿನಲ್ಲಿ ನಿನಗೆ ಹೇಳುತ್ತಿದ್ದೆ. ರೊಟ್ಟಿ ತಟ್ಟುತ್ತ ಕೊಟ್ಟ, ತಗೊಂಡ, ಕಳಕೊಂಡ. ಈ ಮನೆಯಲ್ಲಿ ನಾನು ದನಿ ಎತ್ತುತ್ತಿದ್ದದ್ದು ಆ ಹೊತ್ತಿನಲ್ಲಿ ಮಾತ್ರ. ಖುಷಿಯಾಗಿದ್ದೆ ಕಣೇ. ಅದನ್ನು ನೆನೆದರೆ ಮೈ ಉರಿಯುತ್ತದೆ.

ಆಮೇಲೆ ಆ ಮಂಗಳವಾರ. ನಿನ್ನ ಕಚೇರಿಯ ಸಾಹೇಬರು ಹಿಂದಿನಿಂದ ಬಂದರು, ನಿನಗೆ ಫೋನ್ ಮುಚ್ಚಲು ಪುರಸೊತ್ತಾಗಲಿಲ್ಲ. “ಯಾರದು ಹೆಂಗಸಿನ ದನಿ?” ಎಂದರು. ನನಗೆ ಸ್ಪಷ್ಟ ಕೇಳಿಸಿತು. ಈ ಸಲವಾದರೂ ಹೇಳುತ್ತೀ ಎಂದು, ಆ ದರಿದ್ರ ಆಸೆ ನನಗೆ ಮತ್ತೆ ಹುಟ್ಟಿತು. “ಯಾರಿಲ್ರಿ ಸರ್, ರಿಕಾರ್ಡಿಂಗ್ ಅದ” ಎಂದೆ ನೀನು.

ನಾನು ಸುಮ್ಮನಾದೆ. ಪಂದ್ಯ ಓಡುತ್ತಲೇ ಇತ್ತು. ಸಾಹೇಬರು ನಿನ್ನ ಬೆನ್ನ ಹಿಂದೆ ನಿಂತು ನೋಡುತ್ತಿದ್ದರು, ಅವರ ಕೆಮ್ಮು ಕೇಳಿಸುತ್ತಿತ್ತು. ನಿನ್ನ ಗುಂಡಿಗಳ ಟಕಟಕ ನಿಂತಿತು. ನನ್ನ ಹೆಸರು ಹಿಡಿದು ಕರೆಯುವ ಹಾಗಿರಲಿಲ್ಲ ನಿನಗೆ. ರಿಕಾರ್ಡಿಂಗನ್ನು ಯಾರಾದರೂ ಹೆಸರಿಟ್ಟು ಕರೆಯುತ್ತಾರೆಯೇ? ನೀನು ಗಂಟಲು ಸರಿಮಾಡಿಕೊಂಡದ್ದು ಕೇಳಿಸಿತು. ಪರದೆಯ ಮೇಲೆ ಯಾರೋ ಗೋಲು ಹೊಡೆದ. ಯಾರು ಕೊಟ್ಟದ್ದು ಎಂದು ನಾನು ನೋಡಿದ್ದೆ. ಹೇಳಲಿಲ್ಲ. ಫೋನ್ ಕಟ್ ಮಾಡಿ ಹಿಟ್ಟಿನ ಕೈ ತೊಳೆದುಕೊಂಡೆ.

ಈಗ ನಿನ್ನ ಮೆಸೇಜಿನಲ್ಲಿ ಮ್ಯಾಡಂ ಮತ್ತೆ ಬರುತ್ತಾರೆ, ನೌಕರಿ ಹೋಗುವ ಹಾಗಿದೆ, ಒಂದೇ ಒಂದು ವಾರ ಹೇಳು ಎಂದು ಗೋಗರೆದಿದ್ದೀ. ನಿನ್ನ ಹೊಟ್ಟೆಯ ಸಂಕಟ ನನಗೆ ಅರ್ಥವಾಗುತ್ತದೆ, ಅದೇ ಸಂಕಟದಲ್ಲಿ ನಾನು ಒಮ್ಮೆ ನಿನ್ನ ಪಕ್ಕ ಕೂತಿದ್ದೆ. ನೌಕರಿ ಹೋದರೆ ನೀನು ನಿಮ್ಮಪ್ಪನ ಮನೆಗೆ ಹೋಗುತ್ತೀ. ಅಲ್ಲಿ ನಿನ್ನನ್ನು ಯಾರೂ ಹೊಡೆಯುವುದಿಲ್ಲ. ಅಷ್ಟು ತಿಳಿದು ನನಗೆ ನೆಮ್ಮದಿಯೂ ಇದೆ, ಹೊಟ್ಟೆಕಿಚ್ಚೂ ಇದೆ. ಎರಡನ್ನೂ ಮುಚ್ಚಿಡುವುದಿಲ್ಲ.

ನಾನು ಹೇಳುವುದಿಲ್ಲ, ಪೂನಂ. ಇವತ್ತೂ ಇಲ್ಲ, ಮುಂದೂ ಇಲ್ಲ. ಮ್ಯಾಡಂ ಬಂದು ಒಬ್ಬಳೇ ನೋಡುತ್ತೀಯಾ ಎಂದು ಕೇಳಿದರೆ ಧೈರ್ಯವಾಗಿ ಹೌದ್ರಿ ಅನ್ನು. ಈ ಸಲ ಅದು ಸುಳ್ಳಾಗುವುದಿಲ್ಲ.

ನಿನ್ನ ಹೊಟ್ಟೆ ತಣ್ಣಗಿರಲಿ, ನಿಮ್ಮಪ್ಪನ ಕೈಕಾಲಿಗೆ ಬಲ ಬರಲಿ. ಇಷ್ಟನ್ನು ಮನಸಾರೆ ಹರಸಿ ಮುಗಿಸುತ್ತೇನೆ.

ಭಾಗಮ್ಮ
ಕೊಡಂಬಲ